ಒತ್ತಕ್ಷರಕ್ಕೆ ಎಷ್ಟು ಪಿಕ್ಸೆಲ್?

‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ. ಓದುವವರಿಗೆ ಅದು ಮೂರು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಹನ್ನೊಂದು: ಸ, ಹಲಂತ, ವ, ಆಕಾರದ ಇಳಿ, ತ, ಸೊನ್ನೆ, ಮತ್ತೊಂದು ತ, ಹಲಂತ, ರ, ಹಲಂತ, ಯ. ಈ ಹನ್ನೊಂದನ್ನೂ ಮೂರಕ್ಕೆ ಇಳಿಸಿ, ತಕಾರಕ್ಕೆ ರಕಾರದ ಒತ್ತನ್ನೂ ಯಕಾರದ ಒತ್ತನ್ನೂ ಕೂರಿಸಿ, ಅಷ್ಟನ್ನೂ ಕೆಲವೇ ಚುಕ್ಕಿಗಳ ಎತ್ತರದಲ್ಲಿ ತೋರಿಸಬೇಕು. ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪಿನಲ್ಲಿ ಕನ್ನಡ ಓದಲು ಕೂತವರು ಮುಖ ಸಿಂಡರಿಸುವುದು ಇಲ್ಲೇ. ಒತ್ತು ಮಸುಕಾಗಿರುತ್ತದೆ, ಶೀರ್ಷಿಕೆಯ ದಪ್ಪ ಅಕ್ಷರಗಳ ಹೊಟ್ಟೆ ಕಟ್ಟಿಕೊಂಡಿರುತ್ತದೆ, ಇಂಗ್ಲಿಷ್ ಒಂದು ಗಾತ್ರದಲ್ಲಿದ್ದರೆ ಕನ್ನಡ ಇನ್ನೊಂದರಲ್ಲಿ. ‘ವಿಂಡೋಸ್‌ನಲ್ಲಿ ಹೀಗಿರಲಿಲ್ಲಪ್ಪ’ ಎಂಬ ಮಾತು ಆಗ ಬಂದೇ ಬರುತ್ತದೆ.

ಹೀಗೆ ಗೊಣಗಿದವರಿಗೆ ಸಿಗುವ ಉಪದೇಶವೂ ಸಾಮಾನ್ಯವಾಗಿ ಒಂದೇ: ಸೆಟ್ಟಿಂಗ್ಸ್‌ಗೆ ಹೋಗಿ, ಹಿಂಟಿಂಗ್ ಬದಲಾಯಿಸಿ, ಆಂಟಿಅಲಿಯಾಸಿಂಗ್ ಬದಲಾಯಿಸಿ, ಲಾಗ್‌ಔಟ್ ಆಗಿ ಬನ್ನಿ. ಇಂಗ್ಲಿಷ್ ಓದುವವರಿಗೆ ಅದು ಸರಿಯಾದ ಸಲಹೆಯೇ ಇರಬಹುದು. ಕನ್ನಡಕ್ಕೆ ಅದು ತುದಿಯಿಂದ ಶುರು ಮಾಡಿದಂತೆ. ಪರದೆಯ ಮೇಲೆ ಅಕ್ಷರ ಮೂಡುವ ಹೊತ್ತಿಗೆ ಮೂರು ಬೇರೆ ಬೇರೆ ತಂತ್ರಾಂಶಗಳ ಕೈ ದಾಟಿರುತ್ತದೆ. ಯಾವ ಫಾಂಟ್ ಎಂದು ಆರಿಸುವುದು ಫಾಂಟ್‌ಕಾನ್ಫಿಗ್. ಅಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಜ್. ಜೋಡಿಸಿದ್ದಕ್ಕೆ ಚುಕ್ಕಿ ತುಂಬುವುದು ಫ್ರೀಟೈಪ್. ಹಿಂಟಿಂಗ್ ಮತ್ತು ಅದರ ಬಳಗವೆಲ್ಲ ಮೂರನೆಯದಕ್ಕೆ ಸೇರಿದ ಸಂಗತಿ. ಕನ್ನಡ ಕೆಡುವುದು ಹೆಚ್ಚಾಗಿ ಮೊದಲನೆಯ ಕೈಯಲ್ಲಿ.

ಅದು ಹೇಗೆಂದರೆ, ಡೆಸ್ಕ್‌ಟಾಪಿನ ಮೆನು, ಕಿಟಕಿ, ಗುಂಡಿಗಳಿಗೆಲ್ಲ ಒಂದು ಫಾಂಟನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಉಬುಂಟುವಿನಲ್ಲಿ ಅದೇ ಹೆಸರಿನ ಉಬುಂಟು ಫಾಂಟ್, ಗ್ನೋಮ್‌ನಲ್ಲಿ ಬಹುಕಾಲ ಕ್ಯಾಂಟರೆಲ್, ಇನ್ನು ಕೆಲವು ಕಡೆ ಡೇಜಾವು. ಈ ಮೂರರಲ್ಲಿ ಯಾವುದರಲ್ಲೂ ಕನ್ನಡ ಅಕ್ಷರಗಳಿಲ್ಲ. ಆದ್ದರಿಂದ ಕನ್ನಡದ ಪದ ಎದುರಾದ ಕೂಡಲೇ ಫಾಂಟ್‌ಕಾನ್ಫಿಗ್ ಬದಲಿ ಹುಡುಕಲು ಹೊರಡುತ್ತದೆ. ಯಂತ್ರದಲ್ಲಿರುವ ಪ್ರತಿಯೊಂದು ಫಾಂಟಿನೊಳಗೂ ಯಾವ ಯಾವ ಅಕ್ಷರಗಳಿವೆ, ಯಾವ ಯಾವ ಭಾಷೆಗೆ ಅದು ಸಾಕಾಗುತ್ತದೆ ಎಂಬ ಪಟ್ಟಿ ಅದರ ಬಳಿ ಇರುತ್ತದೆ. ಆ ಪಟ್ಟಿ ಮತ್ತು ಕೆಲವು ನಿಯಮಗಳನ್ನು ಎದುರಿಗಿಟ್ಟುಕೊಂಡು ‘ಹತ್ತಿರದ್ದು ಇದು’ ಎಂದು ಒಂದನ್ನು ಎತ್ತಿ ಕೊಡುತ್ತದೆ. ಕೊಟ್ಟದ್ದು ಓದಲು ಹಿತವೇ ಎಂಬುದು ಅದರ ಪ್ರಶ್ನೆಯಲ್ಲ. ಅಕ್ಷರ ಇದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಬೇಕು.

ನಿಯಮಗಳಿರುವ ಕಡತಗಳ ಹೆಸರು ನೋಡಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಅವು ಸಂಖ್ಯೆಯ ಕ್ರಮದಲ್ಲಿ ಓದಿಸಿಕೊಳ್ಳುತ್ತವೆ. 60ನೆಯ ಸಂಖ್ಯೆಯದು ‘ಲ್ಯಾಟಿನ್’. 65ನೆಯದು ‘ನಾನ್‌ಲ್ಯಾಟಿನ್’. ಕನ್ನಡ, ತೆಲುಗು, ಅರಬ್ಬಿ, ಜಪಾನಿ ಎಲ್ಲವೂ ಆ ಒಂದೇ ಕಡತದಲ್ಲಿ ಒತ್ತೊತ್ತಾಗಿ ಕೂತಿವೆ. ಇದರ ಹಿಂದೆ ದುರುದ್ದೇಶವೇನೂ ಇಲ್ಲ. ಬರೆದವರು ತಮ್ಮ ಕಣ್ಣಿಗೆ ಕಂಡದ್ದನ್ನು ತಿದ್ದಿಕೊಂಡರು, ಉಳಿದವರು ತಮ್ಮದನ್ನು ಕಳಿಸಿಕೊಟ್ಟರೆ ಸೇರಿಸಿದರು. ಪರಿಣಾಮವೆಂದರೆ, ಪರದೆಯ ಮೇಲೆ ಕನ್ನಡ ಹೇಗೆ ಕಾಣಬೇಕೆಂದು ನಿಮ್ಮ ಯಂತ್ರದಲ್ಲಿ ಯಾರೂ ಕೂತು ನಿರ್ಧರಿಸಿಲ್ಲ. ಇದ್ದುದರಲ್ಲಿ ಸಿಕ್ಕಿದ್ದು ಬಂದಿದೆ.

ಏನು ಸಿಕ್ಕಿದೆ ಎಂದು ತಿಳಿಯುವುದು ಸುಲಭ. ಟರ್ಮಿನಲ್ ತೆರೆದು ಎಫ್‌ಸಿ-ಮ್ಯಾಚ್ ಎಂಬ ಆಜ್ಞೆಗೆ ಭಾಷೆ ಕನ್ನಡ ಎಂದು ಹೇಳಿದರೆ ಒಂದು ಸಾಲಿನ ಉತ್ತರ ಬರುತ್ತದೆ. ಅಲ್ಲಿ ಲೋಹಿತ್ ಕನ್ನಡ ಇರಬಹುದು, ನೋಟೋ ಸಾನ್ಸ್ ಕನ್ನಡ ಇರಬಹುದು, ಡೆಬಿಯನ್ ಬಳಗದ ಯಂತ್ರವಾದರೆ ಗುಬ್ಬಿ, ಕೇದಗೆ, ಮಲ್ಲಿಗೆ ಕೂಡ ಇರಬಹುದು. ಗ್ರಹಚಾರ ಕೆಟ್ಟಿದ್ದರೆ ಯೂನಿಫಾಂಟ್ ಇರುತ್ತದೆ. ಜಗತ್ತಿನ ಲಿಪಿಗಳನ್ನೆಲ್ಲ ಹದಿನಾರು ಚುಕ್ಕಿ ಎತ್ತರದ ಚೌಕದೊಳಗೆ ಬಿಡಿಸಿಟ್ಟ ಫಾಂಟ್ ಅದು. ಅಕ್ಷರ ಇದೆ ಎಂದು ತೋರಿಸುವುದಕ್ಕೆ ಒಳ್ಳೆಯದೇ. ಕನ್ನಡದ ಒಂದು ಪ್ಯಾರಾ ಓದುವುದಕ್ಕೆ ಮಾತ್ರ ಅದು ಶಿಕ್ಷೆ.

ಈಗ ದಪ್ಪ ಅಕ್ಷರದ ವಿಷಯಕ್ಕೆ ಬರೋಣ. ಲಿನಕ್ಸ್‌ನಲ್ಲಿ ಕನ್ನಡ ಓದುವವರ ದೂರುಗಳಲ್ಲಿ ದೊಡ್ಡ ಪಾಲು ಇದರದ್ದೇ ಎಂಬುದು ನನ್ನ ಅನಿಸಿಕೆ. ಲೋಹಿತ್ ರೆಡ್ ಹ್ಯಾಟ್ ಕಂಪನಿ ಮುಕ್ತವಾಗಿ ಹಂಚಿದ ಫಾಂಟ್ ಮಾಲೆ. ಭಾರತದ ಹಲವು ಲಿಪಿಗಳು ಲಿನಕ್ಸ್‌ನಲ್ಲಿ ಕಣ್ಣಿಗೆ ಬಿದ್ದದ್ದು ಅದರ ದೆಸೆಯಿಂದ. ಆ ಋಣ ದೊಡ್ಡದು. ಆದರೆ ಲೋಹಿತ್ ಕನ್ನಡದಲ್ಲಿ ಇರುವುದು ಒಂದೇ ತೂಕ, ಸಾಮಾನ್ಯ ದಪ್ಪದ್ದು. ಜಾಲತಾಣ ‘ಶೀರ್ಷಿಕೆಗೆ ಬೋಲ್ಡ್ ಕೊಡು’ ಎಂದಾಗ ಕೊಡಲು ಬೋಲ್ಡ್ ಇಲ್ಲ. ಆಗ ಫಾಂಟ್‌ಕಾನ್ಫಿಗ್‌ನ 90ನೆಯ ಸಂಖ್ಯೆಯ ಕಡತ ಎದ್ದು ಬರುತ್ತದೆ. ಅದರ ಕೆಲಸವೇ ಕೃತಕ ರೂಪ ಹುಟ್ಟಿಸುವುದು. ಬೋಲ್ಡ್ ಇಲ್ಲದಿದ್ದರೆ ಇರುವ ಅಕ್ಷರದ ಹೊರಗೆರೆಯನ್ನೇ ಊದಿಸಿ ದಪ್ಪ ಮಾಡುತ್ತದೆ. ಇಟಾಲಿಕ್ ಇಲ್ಲದಿದ್ದರೆ ಇರುವುದನ್ನೇ ಐದಕ್ಕೆ ಒಂದರಂತೆ ಓರೆ ಮಾಡಿ ನಿಲ್ಲಿಸುತ್ತದೆ. ಇಂಗ್ಲಿಷಿನ ಉದ್ದ ಕಡ್ಡಿಗಳು ಈ ಊದಿಕೆಯನ್ನು ಹೇಗೋ ತಡೆದುಕೊಳ್ಳುತ್ತವೆ. ಕನ್ನಡದ ಅಕ್ಷರಗಳಿಗೆ ಒಳಗೆ ಸುಳಿ ಇದೆ, ಸೀಳು ಇದೆ, ಸಣ್ಣ ಕಣ್ಣುಗಳಿವೆ. ಹೊರಗೆರೆ ಊದಿದಷ್ಟೂ ಅವು ಮುಚ್ಚಿಹೋಗುತ್ತವೆ. ಹಿಂಟಿಂಗನ್ನು ಎಷ್ಟು ತಿರುವಿದರೂ ಇದು ಸರಿಹೋಗುವುದಿಲ್ಲ. ನಿಜವಾದ ಬೋಲ್ಡ್ ಇರುವ ಫಾಂಟ್ ಹಾಕಿದರೆ ಆ ಕ್ಷಣವೇ ಸರಿಹೋಗುತ್ತದೆ.

ಹಾಗೆ ಹಾಕಲು ಈಗ ಬೇಕಾದಷ್ಟು ಆಯ್ಕೆಗಳಿವೆ. ಗೂಗಲ್ ಬಿಡುಗಡೆ ಮಾಡಿರುವ ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ ಎರಡರಲ್ಲೂ ತೆಳುವಿನಿಂದ ಕಡುದಪ್ಪದವರೆಗೆ ಒಂಬತ್ತು ತೂಕಗಳಿವೆ. ಮುಂಬೈನ ಏಕ್ ಟೈಪ್ ತಂಡದ ಅನೇಕ್ ಕನ್ನಡದಲ್ಲಿ ತೂಕದ ಜೊತೆಗೆ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ಬೋಲ್ಡ್ ಬೇಡ, ಉದ್ದದ ಬರಹ ಓದಬೇಕು ಎಂದರೆ ಟೀರೋ ಕನ್ನಡ ಇದೆ. ಪುಸ್ತಕದ ಮುದ್ರಣವನ್ನು ಮನಸ್ಸಿನಲ್ಲಿಟ್ಟುಕೊಂಡ ಅದರ ತೆಳು-ದಪ್ಪ ಗೆರೆಗಳು ಸಣ್ಣ ಪರದೆಯಲ್ಲಿ ಸೊರಗುತ್ತವೆ, ಒಳ್ಳೆಯ ಪರದೆಯಲ್ಲಿ ಕಣ್ಣಿಗೆ ಹಬ್ಬ. ನೋಟೋ ಸಾನ್ಸ್ ಕನ್ನಡಕ್ಕೆ ‘ಯುಐ’ ಎಂಬ ಬಾಲವಿರುವ ತಮ್ಮನೊಬ್ಬನಿದ್ದಾನೆ. ಮೆನು, ಗುಂಡಿಗಳ ಇಕ್ಕಟ್ಟಿಗೆ ಹೊಂದಲೆಂದು ಮೇಲೆ ಕೆಳಗೆ ಅದುಮಿ ಮಾಡಿದ್ದು. ಮೆನುವಿಗೆ ಅದು ಸರಿ. ಬರಹ ಓದಲು ಅದನ್ನೇ ಇಟ್ಟುಕೊಂಡರೆ ಎರಡನೆಯ ಪುಟದಲ್ಲೇ ಕಣ್ಣು ನೋಯುತ್ತದೆ.

ಫಾಂಟ್ ಫೈಲನ್ನು ಹೋಮ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕಿಕೊಂಡರಷ್ಟೇ ಸಾಲದು, ಅದನ್ನೇ ಮೊದಲು ಆರಿಸು ಎಂದು ಹೇಳಲೂ ಬೇಕು. ಅದಕ್ಕೆ ಬಳಕೆದಾರರ ಸ್ವಂತ ಕಡತವೊಂದಿದೆ: ಡಾಟ್ ಕಾನ್ಫಿಗ್ ಎಂಬ ಅಡಗಿದ ಫೋಲ್ಡರಿನಲ್ಲಿ ಫಾಂಟ್‌ಕಾನ್ಫಿಗ್, ಅದರೊಳಗೆ ಫಾಂಟ್ಸ್ ಡಾಟ್ ಕಾನ್ಫ್. ಇದನ್ನು ಓದಿಸುವ ಸೂಚನೆ 50ನೆಯ ಸಂಖ್ಯೆಯಲ್ಲಿರುವುದರಿಂದ 60, 65ರ ಕಡತಗಳು ಬಾಯಿ ತೆರೆಯುವ ಮೊದಲೇ ನಿಮ್ಮ ಮಾತು ನಡೆದಿರುತ್ತದೆ. ಸಾನ್ಸ್ ಕೇಳಿದರೆ ಮೊದಲು ನಿಮಗೆ ಬೇಕಾದ ಇಂಗ್ಲಿಷ್ ಫಾಂಟ್, ಆಮೇಲೆ ನೋಟೋ ಸಾನ್ಸ್ ಕನ್ನಡ. ಸೆರಿಫ್ ಕೇಳಿದರೆ ಇನ್ನೊಂದು ಜೋಡಿ. ನಾಲ್ಕಾರು ಸಾಲಿನ ಬರವಣಿಗೆ ಅಷ್ಟೇ. ಈ ಕ್ರಮ ಮಾತ್ರ ತಿರುಗುಮುರುಗಾಗಬಾರದು. ಕೆಲವು ಕನ್ನಡ ಫಾಂಟುಗಳೊಳಗೆ ಇಂಗ್ಲಿಷ್ ಅಕ್ಷರ, ಅಂಕಿ, ಪೂರ್ಣವಿರಾಮಗಳೂ ಇರುತ್ತವೆ. ಕನ್ನಡವನ್ನು ಮುಂದಿಟ್ಟರೆ ಇಡೀ ಡೆಸ್ಕ್‌ಟಾಪಿನ ಇಂಗ್ಲಿಷ್ ಕೂಡ ಆ ಫಾಂಟಿಗೇ ಹೋಗುತ್ತದೆ. ಅಂಥ ಇಂಗ್ಲಿಷನ್ನು ಬಹುಪಾಲು ಕಾಟಾಚಾರಕ್ಕೆ ಬಿಡಿಸಿರುತ್ತಾರೆ.

ಎರಡನೆಯ ಕೈ ಜೋಡಣೆಯದು. ನಮ್ಮ ಶಾಲೆಯ ಕಾಗುಣಿತವನ್ನು ಜ್ಞಾಪಿಸಿಕೊಂಡರೆ ಹಾರ್ಫ್‌ಬಜ್ ಏನು ಮಾಡುತ್ತದೆಂದು ಅರ್ಧ ತಿಳಿದಂತೆ. ಕ್‌ಗೆ ತಲಕಟ್ಟು ಕೊಟ್ಟರೆ ಕ, ಗುಡಿಸು ಕೊಟ್ಟರೆ ಕಿ, ಓತ್ವ ಕೊಟ್ಟು ದೀರ್ಘ ಎಳೆದರೆ ಕೋ ಎಂದು ಮೇಷ್ಟ್ರು ಹೇಳಿಕೊಟ್ಟ ಹಾಗೆಯೇ ಅದೂ ನಡೆಯುತ್ತದೆ. ‘ಕೋ’ದಲ್ಲಿರುವ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ. ಅದನ್ನು ಬಿಡಿಸಿದರೆ ಸಿಗುವುದು ಮೂರು ತುಂಡು: ಏತ್ವ, ಕೊಂಬಿನ ಇಳಿ, ಕೊನೆಗೆ ದೀರ್ಘ. ಹಾರ್ಫ್‌ಬಜ್ ಹಾಗೆ ಬಿಡಿಸಿ, ಏತ್ವವನ್ನು ಕಕಾರದ ತಲೆಗೆ ಬೆಸೆದು, ಉಳಿದೆರಡನ್ನು ಬಲಕ್ಕೆ ನಿಲ್ಲಿಸುತ್ತದೆ. ‘ಧರ್ಮ’ದಲ್ಲಿ ರಕಾರ ಮೊದಲು ಬಂದರೂ ಅದನ್ನು ಎತ್ತಿ ಮಕಾರದ ಬಲಕ್ಕೆ ಅರ್ಕಾವತ್ತಾಗಿ ಇಡುತ್ತದೆ. ‘ರಾಷ್ಟ್ರ’ದಲ್ಲಿ ಷಕಾರದ ಕೆಳಗೆ ಟಕಾರ, ಅದಕ್ಕೆ ಅಂಟಿಕೊಂಡು ರಕಾರ. ಕನ್ನಡಕ್ಕೆ ಯೂನಿಕೋಡ್ ಮೀಸಲಿಟ್ಟಿರುವುದು 128 ಸ್ಥಾನ. ಫಾಂಟಿನೊಳಗೆ ಇರಬೇಕಾದ ಚಿತ್ರಗಳು ಅದರ ಎಷ್ಟೋ ಪಟ್ಟು. ಯಾವ ಸಂಕೇತಗಳು ಕೂಡಿದರೆ ಯಾವ ಚಿತ್ರ ಎಂಬ ಕೋಷ್ಟಕವನ್ನು ಫಾಂಟ್ ಮಾಡಿದವರು ಅದರೊಳಗೇ ಬರೆದಿರುತ್ತಾರೆ. ಹಾರ್ಫ್‌ಬಜ್ ಅದನ್ನು ಓದಿ ಜಾರಿಗೆ ತರುತ್ತದೆ.

ಹತ್ತು ಹದಿನೈದು ವರ್ಷದ ಹಿಂದೆ ಇಲ್ಲಿಯೇ ಗೋಳು. ಗ್ನೋಮ್ ಬಳಗದ ತಂತ್ರಾಂಶಗಳಿಗೆ ಪ್ಯಾಂಗೋ ತನ್ನದೇ ರೀತಿಯಲ್ಲಿ ಅಕ್ಷರ ಜೋಡಿಸುತ್ತಿತ್ತು. ಕೆಡಿಇ ಬಳಗದ ಕ್ಯೂಟಿಯದು ಬೇರೆ ದಾರಿ. ಕಚೇರಿ ತಂತ್ರಾಂಶಗಳು ಐಸಿಯು ಎಂಬ ಮೂರನೆಯದನ್ನು ನೆಚ್ಚಿಕೊಂಡಿದ್ದವು. ಒಂದೇ ಫಾಂಟಿನ ಒಂದೇ ಪದ ಬ್ರೌಸರಿನಲ್ಲಿ ಒಂದು ಥರ, ಪತ್ರದಲ್ಲಿ ಇನ್ನೊಂದು ಥರ ಮೂಡುತ್ತಿತ್ತು. ಬೆಹ್ದಾದ್ ಇಸ್ಫಹ್‌ಬೋದ್ ಎಂಬ ಇರಾನ್ ಮೂಲದ ಎಂಜಿನಿಯರ್ ಮುಂದಾಳಾಗಿ ಹಾರ್ಫ್‌ಬಜ್ ಅನ್ನು ಹೊಸದಾಗಿ ಬರೆದ ಮೇಲೆ ಒಂದೊಂದಾಗಿ ಎಲ್ಲರೂ ಅದಕ್ಕೆ ಬಂದರು. ಫೈರ್‌ಫಾಕ್ಸ್, ಕ್ರೋಮ್, ಕ್ಯೂಟಿ ಬಂದವು. ಲಿಬ್ರೆಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಬಗೆಯ ಯಂತ್ರಗಳಲ್ಲೂ ಅದನ್ನೇ ಬಳಸಿತು. 2019ರಲ್ಲಿ ಪ್ಯಾಂಗೋ 1.44 ಬೇರೆ ದಾರಿಗಳನ್ನೆಲ್ಲ ಬಿಟ್ಟು ಹಾರ್ಫ್‌ಬಜ್ ಒಂದನ್ನೇ ಇಟ್ಟುಕೊಂಡಿತು. ಇಮ್ಯಾಕ್ಸ್ ಕೂಡ 2020ರಲ್ಲಿ ಸೇರಿಕೊಂಡಿತು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್ ಸಂದೇಶದ ಒತ್ತಕ್ಷರ ಕೂರಿಸುವುದೂ ಇದೇ. ಹಾಗಾಗಿ ಇವತ್ತು ನಿಮ್ಮ ಲಿನಕ್ಸ್‌ನಲ್ಲಿ ಒತ್ತು ಕಳಚಿ ಬಿದ್ದಿದ್ದರೆ ಅನುಮಾನ ಮೊದಲು ಫಾಂಟಿನ ಮೇಲೆ ಹೋಗಬೇಕು.

ಇಲ್ಲಾ ಟೈಪ್ ಮಾಡಿದವರ ಮೇಲೆ. ಅಕ್ಷರದ ಪಕ್ಕದಲ್ಲಿ ಚುಕ್ಕಿಗಳಿಂದ ಮಾಡಿದ ಒಂದು ವೃತ್ತ ಕಾಣಿಸಿಕೊಂಡರೆ ಅದು ಹಾರ್ಫ್‌ಬಜ್‌ನ ದೂರು: ಈ ಚಿಹ್ನೆ ಕೂರಲು ಇಲ್ಲಿ ವ್ಯಂಜನವೇ ಇಲ್ಲ ಎಂದು. ಜಾಗ ಬಿಟ್ಟು ಒತ್ತು ಟೈಪಿಸಿದಾಗ ಇದು ಬರುತ್ತದೆ. ‘ರ‍್ಯಾಲಿ’ ಎಂಬುದೂ ಒಂದು ಪರೀಕ್ಷೆ. ಸಾಮಾನ್ಯವಾಗಿ ರಕಾರಕ್ಕೆ ಯಕಾರ ಸೇರಿದರೆ ಅರ್ಕಾವತ್ತು ಬರಬೇಕು, ‘ಸೂರ್ಯ’ದಲ್ಲಿ ಬರುವಂತೆ. ರ್‍ಯಾಲಿಯಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು. ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಇಡಬೇಕೆಂಬುದು ಯೂನಿಕೋಡ್ ನಿಯಮ. ಹಳೆಯ ಕೆಲವು ಬರಹಗಳಲ್ಲಿ ಅದು ಹಲಂತದ ಆಚೆ ಕೂತಿದೆ. ನೀವು ಈಗ ಓದಿದ ಎರಡು ರ‍್ಯಾಲಿಗಳಲ್ಲಿ ಒಂದು ಬೇರೆ ಥರ ಕಂಡಿದ್ದರೆ ಕಾರಣ ಇಷ್ಟೇ, ಎರಡನೆಯದನ್ನು ಬೇಕೆಂದೇ ಹಳೆಯ ಕ್ರಮದಲ್ಲಿ ಟೈಪಿಸಿದ್ದೇನೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಕಡತಗಳನ್ನು ತೆರೆದಾಗ ಸಾಲುಸಾಲು ಇಂಗ್ಲಿಷ್ ಕಸ ಕಾಣುವುದು ಈ ಯಾವುದಕ್ಕೂ ಸೇರಿದ ಸಮಸ್ಯೆಯಲ್ಲ. ಅಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ. ಕನ್ನಡ ಇದ್ದದ್ದು ಆ ಫಾಂಟಿನ ಚಿತ್ರದಲ್ಲಿ ಮಾತ್ರ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು, ಬೇರೆ ಮದ್ದಿಲ್ಲ.

ಇನ್ನು ಚುಕ್ಕಿ ತುಂಬುವ ಫ್ರೀಟೈಪ್. 1996ರಲ್ಲಿ ಡೇವಿಡ್ ಟರ್ನರ್ ಶುರು ಮಾಡಿದ ಯೋಜನೆ. ಇದರ ಚರಿತ್ರೆಯ ಬಹುಭಾಗ ಪೇಟೆಂಟುಗಳ ನೆರಳಿನಲ್ಲಿ ಕಳೆದಿದೆ. ಟ್ರೂಟೈಪ್ ಫಾಂಟುಗಳೊಳಗೆ ‘ಈ ಗಾತ್ರದಲ್ಲಿ ಈ ಗೆರೆಯನ್ನು ಇಷ್ಟು ಸರಿಸು’ ಎಂಬ ಸೂಚನೆಗಳಿರುತ್ತವೆ. ಅದೇ ಹಿಂಟಿಂಗ್. ಅವನ್ನು ನಡೆಸುವ ವಿಧಾನದ ಮೇಲೆ ಆ್ಯಪಲ್ ಪೇಟೆಂಟ್ ಹಿಡಿದಿತ್ತು. ಹಾಗಾಗಿ ಫ್ರೀಟೈಪ್ ಆ ಸೂಚನೆಗಳನ್ನು ಬದಿಗಿಟ್ಟು, ಅಕ್ಷರದ ಆಕಾರ ನೋಡಿ ತಾನೇ ಊಹಿಸುವ ಆಟೋಹಿಂಟರ್ ಕಟ್ಟಿಕೊಂಡಿತು. ಪೇಟೆಂಟ್ ಅವಧಿ 2010ರ ಮೇ ತಿಂಗಳಲ್ಲಿ ಮುಗಿಯಿತು, ಅದೇ ವರ್ಷ ಬಂದ 2.4ನೆಯ ಆವೃತ್ತಿಯಲ್ಲಿ ಸೂಚನೆಗಳಿಗೆ ಬಾಗಿಲು ತೆರೆಯಿತು. ಇನ್ನೊಂದು ಮೈಕ್ರೋಸಾಫ್ಟ್‌ನ ಕ್ಲಿಯರ್‌ಟೈಪ್. ಅದರ ಪೇಟೆಂಟುಗಳು ಮುಗಿದದ್ದು 2019ರಲ್ಲಿ. ಅಲ್ಲಿಯವರೆಗೆ ಕೆಲವು ಲಿನಕ್ಸ್ ವಿತರಣೆಗಳು ಆ ಸೌಲಭ್ಯವನ್ನು ಮುಚ್ಚಿಟ್ಟೇ ಹಂಚುತ್ತಿದ್ದವು. ‘ಲಿನಕ್ಸ್‌ನಲ್ಲಿ ಅಕ್ಷರ ಕೆಟ್ಟದಾಗಿ ಕಾಣುತ್ತದೆ’ ಎಂಬ ಹಳೆಯ ಅಪವಾದಕ್ಕೆ ಕಾರಣ ಬರೆದವರ ಅಸಡ್ಡೆಗಿಂತ ಹೆಚ್ಚಾಗಿ ವಕೀಲರ ಭಯ.

ಕ್ಲಿಯರ್‌ಟೈಪ್‌ನ ಯುಕ್ತಿ ಸರಳ. ಪರದೆಯ ಒಂದು ಪಿಕ್ಸೆಲ್ ಅಂದರೆ ಅಕ್ಕಪಕ್ಕ ನಿಂತ ಕೆಂಪು, ಹಸಿರು, ನೀಲಿಯ ಮೂರು ಪಟ್ಟಿ. ಆ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬೆಳಗಿಸಿದರೆ ಅಡ್ಡಡ್ಡಕ್ಕೆ ಮೂರು ಪಟ್ಟು ಸೂಕ್ಷ್ಮತೆ ಸಿಕ್ಕಂತೆ. ಫ್ರೀಟೈಪ್ ಕೂಡ 2017ರ 2.8.1ರಲ್ಲಿ ಪೇಟೆಂಟಿಗೆ ಸಿಗದ ಇನ್ನೊಂದು ದಾರಿ ಹುಡುಕಿಕೊಂಡಿತು: ಮೂರು ಬಣ್ಣಕ್ಕೂ ಅಕ್ಷರವನ್ನು ಮೂರನೇ ಒಂದು ಪಿಕ್ಸೆಲ್ ಸರಿಸಿ ಸರಿಸಿ ಬರೆಯುವುದು. ಅದಕ್ಕೆ ಹಾರ್ಮೊನಿ ಎಂದು ಹೆಸರಿಟ್ಟರು.

ಇದರಿಂದ ಕನ್ನಡಕ್ಕೆ ಎಷ್ಟು ಲಾಭ? ಹನ್ನೊಂದು ಪಾಯಿಂಟ್ ಅಳತೆಯ ಫಾಂಟ್ ಇಟ್ಟುಕೊಂಡಿದ್ದೀರಿ ಎನ್ನಿ. ಸಾಮಾನ್ಯ ಪರದೆಯಲ್ಲಿ ಅದು ಸುಮಾರು ಹದಿನೈದು ಪಿಕ್ಸೆಲ್. ಅಕ್ಷರದ ಮೈಗೆ ಅಂದಾಜು ಅದರ ಅರ್ಧ ಸಿಗುತ್ತದೆ, ಒತ್ತಿಗೆ ನಾಲ್ಕೋ ಐದೋ. ನಾಲ್ಕು ಪಿಕ್ಸೆಲ್ ಎತ್ತರದಲ್ಲಿ ಟಕಾರದ ಒತ್ತನ್ನೂ ಠಕಾರದ ಒತ್ತನ್ನೂ ಬೇರೆ ಮಾಡಿ ತೋರಿಸಬೇಕು. ಕನ್ನಡದ ಇಕ್ಕಟ್ಟು ಇರುವುದು ಮೇಲಿನಿಂದ ಕೆಳಕ್ಕೆ: ತಲೆಯ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೊಂದು ಒತ್ತು. ಬಣ್ಣದ ಪಟ್ಟಿಗಳು ಕೊಡುವ ಸೂಕ್ಷ್ಮತೆ ಅಡ್ಡಡ್ಡಕ್ಕೆ. ಬೇಕಾದ ದಿಕ್ಕು ಒಂದು, ಸಿಗುವ ದಿಕ್ಕು ಇನ್ನೊಂದು.

ಹಾಗೆಂದು ಪೂರ್ತಿ ನಿಷ್ಪ್ರಯೋಜಕವೂ ಅಲ್ಲ. ದಕಾರ, ಧಕಾರ, ಥಕಾರಗಳನ್ನು ನೋಡಿ. ದಕಾರದ ಬುಡದಲ್ಲಿ ಒಂದು ಸೀಳು ಬಂದರೆ ಧ, ಅದರೊಳಗೊಂದು ಬೊಟ್ಟು ಬಿದ್ದರೆ ಥ. ಬಕಾರ ಭಕಾರಗಳಿಗೂ ಡಕಾರ ಢಕಾರಗಳಿಗೂ ಇಷ್ಟೇ ವ್ಯತ್ಯಾಸ. ಪಕಾರದ ಹೊಟ್ಟೆ ಸೀಳಿದರೆ ಷ. ಆ ಸೀಳಿನ ಅಗಲ ಸಣ್ಣ ಗಾತ್ರದಲ್ಲಿ ಒಂದು ಪಿಕ್ಸೆಲ್ಲಿಗೂ ಕಡಿಮೆ. ಅದು ಮಾಯವಾದರೆ ‘ಧನ’ ಹೋಗಿ ‘ದನ’ವಾಗುತ್ತದೆ. ಇಲ್ಲಿ ಅಡ್ಡಡ್ಡದ ಸೂಕ್ಷ್ಮತೆ ಕೈಹಿಡಿಯುತ್ತದೆ. ಆದ್ದರಿಂದ ಹಳೆಯ 1366ಕ್ಕೆ 768ರ ಪರದೆ ಇರುವವರು ಬಣ್ಣದ ಪಟ್ಟಿಗಳನ್ನು ಬಳಸುವ ಸಬ್‌ಪಿಕ್ಸೆಲ್ ಆಯ್ಕೆಯನ್ನು ಹಾಕಿಯೇ ಇಟ್ಟುಕೊಳ್ಳಲಿ. ಒಎಲ್‌ಇಡಿ ಪರದೆಯವರು ತೆಗೆದುಬಿಡಲಿ. ಅಲ್ಲಿ ಬಣ್ಣದ ಚುಕ್ಕಿಗಳ ವಿನ್ಯಾಸವೇ ಬೇರೆಯಿರುವುದರಿಂದ ಅಕ್ಷರದ ಅಂಚಿಗೆ ಬಣ್ಣ ಒಸರುತ್ತದೆ.

ಹಿಂಟಿಂಗ್‌ನಲ್ಲಿ ನಾಲ್ಕು ಆಯ್ಕೆಗಳು: ಇಲ್ಲ, ಸ್ವಲ್ಪ, ಮಧ್ಯಮ, ಪೂರ್ಣ. ಕನ್ನಡಕ್ಕೆ ‘ಸ್ವಲ್ಪ’ವೇ ಸರಿ, ಈಗ ಬಹುತೇಕ ಕಡೆ ಮೊದಲೇ ಇರುವುದೂ ಅದೇ. ‘ಪೂರ್ಣ’ ಎಂದರೆ ಪ್ರತಿ ಗೆರೆಯನ್ನೂ ಪಿಕ್ಸೆಲ್ಲಿನ ಚೌಕಕ್ಕೆ ಎಳೆದು ಕೂರಿಸುವುದು. ನೆಟ್ಟಗೆ ನಿಂತ ಕಡ್ಡಿಗಳಿರುವ ಲಿಪಿಗೆ ಅದು ಒಗ್ಗುತ್ತದೆ. ದುಂಡಗಿನ ಕನ್ನಡವನ್ನು ಚೌಕಕ್ಕೆ ಎಳೆದರೆ ಸೊಟ್ಟಗಾಗುತ್ತದೆ. ‘ಸ್ವಲ್ಪ’ದಲ್ಲಿ ಎಳೆತ ಮೇಲೆ ಕೆಳಗೆ ಮಾತ್ರ, ಅಕ್ಕಪಕ್ಕಕ್ಕೆ ಇಲ್ಲ. ಇದನ್ನು ಮಾಡುವುದು ಹೆಚ್ಚಾಗಿ ಆ ಆಟೋಹಿಂಟರ್. ಅದರ ಮೂಲ ಸಂಕೇತದಲ್ಲಿ ಕನ್ನಡಕ್ಕೆಂದೇ ಎರಡು ಸಾಲುಗಳಿವೆ. ಅಕ್ಷರದ ತಲೆ ಯಾವ ಎತ್ತರದಲ್ಲಿ ನಿಲ್ಲುತ್ತದೆಂದು ಅಳೆಯಲು ಇ, ಊ, ಐ, ಣ ಮೊದಲಾದವು. ಬುಡ ಎಲ್ಲಿದೆಯೆಂದು ಅಳೆಯಲು ಅ, ಉ, ಎ, ಲ ಮತ್ತು ಒಂದಿಷ್ಟು ಕನ್ನಡ ಅಂಕಿಗಳು. ಇಡೀ ಲಿಪಿಯ ಎತ್ತರ ತಗ್ಗನ್ನು ಈ ಹಿಡಿಯಷ್ಟು ಅಕ್ಷರಗಳಿಂದ ತಿಳಿದುಕೊಂಡು ಉಳಿದವನ್ನು ಅದೇ ಗೆರೆಗೆ ತರುತ್ತದೆ. ಎಲ್ಲೋ ದೂರದಲ್ಲಿ ಕೂತು ಯಾರೋ ಣಕಾರದ ತಲೆ ಎಲ್ಲಿ ಮುಟ್ಟುತ್ತದೆಂದು ನೋಡಿ ಬರೆದಿಟ್ಟಿದ್ದಾರಲ್ಲ, ಅದು ನನಗೆ ಇಡೀ ಫ್ರೀಟೈಪ್‌ನಲ್ಲಿ ಅತಿ ಇಷ್ಟವಾದ ಜಾಗ.

ಇಷ್ಟಾದರೂ ನೆನಪಿಡಬೇಕಾದ ಲೆಕ್ಕ ಬೇರೊಂದಿದೆ. 15.6 ಇಂಚಿನ ಆ ಹಳೆಯ ಪರದೆಯಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್. ಅದೇ ಅಗಲದ ಫುಲ್ ಎಚ್‌ಡಿ ಪರದೆಯಲ್ಲಿ 141. ಸಾಧಾರಣ ಫೋನಿನಲ್ಲಿ 400ರ ಆಸುಪಾಸು. ಫೋನಿನಲ್ಲಿ ಕನ್ನಡ ಮುದ್ದಾಗಿ ಕಾಣುವುದಕ್ಕೆ ಇದೇ ಕಾರಣ. ಲಿನಕ್ಸ್‌ನಲ್ಲಿ ಅಕ್ಷರವನ್ನಷ್ಟೇ ದೊಡ್ಡದು ಮಾಡುವ ಆಯ್ಕೆಯೊಂದಿದೆ. ಗ್ನೋಮ್‌ನ ಟ್ವೀಕ್ಸ್‌ನಲ್ಲಿ ಅದನ್ನು ಸ್ಕೇಲಿಂಗ್ ಫ್ಯಾಕ್ಟರ್ ಎನ್ನುತ್ತಾರೆ. ಅದನ್ನು ಒಂದರಿಂದ 1.15ಕ್ಕೋ 1.2ಕ್ಕೋ ಏರಿಸಿದರೆ ಒತ್ತಿಗೆ ಇನ್ನೊಂದು ಪಿಕ್ಸೆಲ್ ಸಿಗುತ್ತದೆ. ನಾಲ್ಕು ಐದಾಗುವುದು ಸಣ್ಣ ಮಾತಲ್ಲ. ಮೇಲೆ ಹೇಳಿದ ಹಿಂಟಿಂಗ್ ಕಸರತ್ತನ್ನೆಲ್ಲ ಒಟ್ಟು ಸೇರಿಸಿದರೂ ಇಷ್ಟು ಫಲ ಕೊಡುವುದಿಲ್ಲ.

ಇಡೀ ಪರದೆಯನ್ನು ಒಂದೂಕಾಲು ಪಟ್ಟು ಹಿಗ್ಗಿಸುವುದು ಬೇರೆ ವಿಷಯ. ವೇಲ್ಯಾಂಡ್ ಬಳಸುವ ಹೊಸ ಡೆಸ್ಕ್‌ಟಾಪುಗಳಲ್ಲಿ ಹಳೆಯ ಎಕ್ಸ್ ಪದ್ಧತಿಯ ತಂತ್ರಾಂಶಗಳು ಕೆಲವೊಮ್ಮೆ ಸಣ್ಣದಾಗಿ ಬರೆದು ಆಮೇಲೆ ಫೋಟೋದಂತೆ ಎಳೆಸಿಕೊಳ್ಳುತ್ತವೆ. ಅಲ್ಲಿ ಮಸುಕು ಖಂಡಿತ. ಒಂದು ತಂತ್ರಾಂಶ ಮಾತ್ರ ಮಸುಕಾಗಿ ಉಳಿದವು ಸ್ಪಷ್ಟವಾಗಿದ್ದರೆ ಇದನ್ನೇ ಶಂಕಿಸಿ. ಜಿಟಿಕೆ 4ರಲ್ಲಿ ಬರೆದ ತಂತ್ರಾಂಶಗಳಂತೂ ಬಣ್ಣದ ಪಟ್ಟಿಯ ಯುಕ್ತಿಯನ್ನೇ ಕೈಬಿಟ್ಟು ಬರೀ ಬೂದುಛಾಯೆಯಲ್ಲಿ ಬರೆಯುತ್ತವೆ. ಜನ ಸಾಕಷ್ಟು ಗೊಣಗಿದ ಮೇಲೆ 4.16ರಲ್ಲಿ ಹಿಂಟಿಂಗ್ ಕುರಿತ ಹಿಡಿತವನ್ನು ಸ್ವಲ್ಪ ಸಡಿಲಿಸಿದರು.

ಕೆಲವು ತಂತ್ರಾಂಶಗಳಿಗೆ ತಮ್ಮದೇ ಹಟವಿದೆ. ಫೈರ್‌ಫಾಕ್ಸ್ ಒಳ್ಳೆಯ ಅರ್ಥದಲ್ಲಿ ಹಟಮಾರಿ. ಅದರ ಸೆಟ್ಟಿಂಗ್ಸ್‌ನಲ್ಲಿ ಫಾಂಟಿನ ಪಕ್ಕದ ‘ಅಡ್ವಾನ್ಸ್ಡ್’ ಒತ್ತಿದರೆ ಲಿಪಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಕನ್ನಡವೂ ಇದೆ. ಕನ್ನಡಕ್ಕೆಂದೇ ಫಾಂಟ್, ಗಾತ್ರ, ಇದಕ್ಕಿಂತ ಚಿಕ್ಕದು ಬೇಡ ಎಂಬ ಕನಿಷ್ಠ ಮಿತಿ ಎಲ್ಲವನ್ನೂ ಅಲ್ಲಿ ಹೇಳಬಹುದು. ಇಂಗ್ಲಿಷ್ ಹದಿನಾರಿದ್ದರೆ ಕನ್ನಡ ಹದಿನೆಂಟಿರಲಿ. ಪುಟ ತನ್ನನ್ನು ಕನ್ನಡದ್ದೆಂದು ಹೇಳಿಕೊಂಡಿದ್ದರೆ ಮಾತ್ರ ಇದು ನಡೆಯುತ್ತದೆ. ಲಿಬ್ರೆಆಫೀಸ್‌ನ ಕಥೆ ಇದಕ್ಕೆ ವಿರುದ್ಧ. ಅದು ಭಾರತೀಯ ಲಿಪಿಗಳನ್ನೆಲ್ಲ ‘ಕಾಂಪ್ಲೆಕ್ಸ್ ಟೆಕ್ಸ್ಟ್’ ಎಂಬ ಒಂದು ಪಂಗಡಕ್ಕೆ ಹಾಕಿ, ಅದಕ್ಕೆ ಬೇರೆಯೇ ಫಾಂಟ್ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಆ ಜಾಗದಲ್ಲಿ ಬಹಳ ಸಲ ಇರುವುದು ಲೋಹಿತ್ ದೇವನಾಗರಿ. ಅದರಲ್ಲಿ ಕನ್ನಡವಿಲ್ಲ! ಹಾಗಾಗಿ ನೀವು ಬರೆಯುವ ಕನ್ನಡವೆಲ್ಲ ಇಲ್ಲದ ಫಾಂಟಿನ ಹೆಸರಿನಲ್ಲಿ, ಸಿಕ್ಕಿದ ಬದಲಿಯಲ್ಲಿ ಮೂಡುತ್ತಿರುತ್ತದೆ. ಆ ಕಡತವನ್ನು ಬೇರೆಯವರಿಗೆ ಕಳಿಸಿದರೆ ಅವರ ಯಂತ್ರದ ಬದಲಿ ಬೇರೆ, ಪುಟದ ಲೆಕ್ಕವೂ ಬೇರೆ. ಭಾಷೆಯ ಸೆಟ್ಟಿಂಗಿನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಕನ್ನಡ ಎಂದೂ, ಡೀಫಾಲ್ಟ್ ಶೈಲಿಯಲ್ಲಿ ಫಾಂಟ್ ಇಂಥದ್ದೆಂದೂ ಒಮ್ಮೆ ಬರೆದುಬಿಟ್ಟರೆ ಮುಗಿಯಿತು.

ಟರ್ಮಿನಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಲೆಕ್ಕದ ಮೇಲೆ ಅದನ್ನು ಕಟ್ಟಿದ್ದಾರೆ. ‘ಸ್ತ್ರೀ’ ಎಷ್ಟು ಮನೆ ಹಿಡಿಯುತ್ತದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಕನ್ನಡವನ್ನು ಎಡಿಟರಿನಲ್ಲಿ ತೆರೆದು ಓದಿ.

ಹೊಸ ಯಂತ್ರ ಕೈಗೆ ಬಂದರೆ ನಾನು ಹಿಡಿಯುವ ದಾರಿ ಹೀಗೆ. ಮೊದಲು ನೋಟೋದ ಎರಡೂ ಕನ್ನಡ ಫಾಂಟುಗಳನ್ನು ಎಲ್ಲ ತೂಕಗಳ ಸಮೇತ ಹಾಕುತ್ತೇನೆ, ಯೂನಿಫಾಂಟ್ ಇದ್ದರೆ ತೆಗೆಯುತ್ತೇನೆ. ಸ್ವಂತ ಕಡತದಲ್ಲಿ ಆ ನಾಲ್ಕಾರು ಸಾಲು ಬರೆದು, ಎಫ್‌ಸಿ-ಮ್ಯಾಚ್‌ನಿಂದ ಖಾತ್ರಿ ಮಾಡಿಕೊಳ್ಳುತ್ತೇನೆ. ಅಕ್ಷರದ ಅಳತೆಯನ್ನು ಸ್ವಲ್ಪ ಏರಿಸುತ್ತೇನೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಿಗೆ ಬೇರೆಯಾಗಿ ಹೇಳುತ್ತೇನೆ. ಹಿಂಟಿಂಗ್ ಇದ್ದ ಹಾಗೇ ಇರುತ್ತದೆ, ಮುಟ್ಟುವ ಅಗತ್ಯ ಬರುವುದೇ ಅಪರೂಪ.

ಇದೆಲ್ಲ ಮಾಡಿದ ಮೇಲೂ ಒಂದು ಪದ ಹಟ ಹಿಡಿದು ಕೆಟ್ಟೇ ಕಂಡರೆ, ದೂರು ಕೊಡಬೇಕು. ಯಾರಿಗೆ ಎಂಬುದನ್ನು ತಿಳಿಯಲು ಹಾರ್ಫ್‌ಬಜ್ ಜೊತೆಗೇ ಬರುವ ಎಚ್‌ಬಿ-ವ್ಯೂ ಎಂಬ ಸಣ್ಣ ಸಲಕರಣೆ ಸಾಕು. ಫಾಂಟ್ ಫೈಲನ್ನೂ ಪದವನ್ನೂ ಕೊಟ್ಟರೆ ಅದು ಚಿತ್ರ ಬಿಡಿಸಿ ತೋರಿಸುತ್ತದೆ. ಅಲ್ಲಿ ಸರಿಯಾಗಿದ್ದು ತಂತ್ರಾಂಶದಲ್ಲಿ ಮಾತ್ರ ಕೆಟ್ಟಿದ್ದರೆ ತಂತ್ರಾಂಶದವರಿಗೆ ಬರೆಯಿರಿ. ಅಲ್ಲಿಯೂ ಕೆಟ್ಟಿದ್ದು, ಬೇರೆ ಫಾಂಟ್ ಕೊಟ್ಟಾಗ ಸರಿಹೋದರೆ ಫಾಂಟ್ ಮಾಡಿದವರಿಗೆ. ಪದವನ್ನು ಚಿತ್ರವಾಗಿಯೂ ಅಕ್ಷರವಾಗಿಯೂ ಕೊಡಿ, ಫಾಂಟಿನ ಆವೃತ್ತಿ ಬರೆಯಿರಿ, ಹೇಗೆ ಕಾಣಬೇಕೆಂದು ಕೈಯಲ್ಲಿ ಬರೆದ ಒಂದು ಚಿತ್ರವನ್ನೂ ಲಗತ್ತಿಸಿ. ಅದನ್ನು ತೆರೆದು ನೋಡುವವರಿಗೆ ಕನ್ನಡ ಓದಲು ಬರದೇ ಇರುವ ಸಾಧ್ಯತೆಯೇ ಹೆಚ್ಚು.